ಗಂಜಿ ಭಾವನ ಗಂಭೀರ ನಡಿಗೆ

ನಮ್ಮ ಭಾವನ ಅಂಗಿ ಒಳಗೆ ಮನುಷ್ಯನಿಲ್ಲದೆಯೂ ನಿಲ್ಲುತ್ತಿತ್ತು. ಇದು ಭಾವಮೈದುನನ ಅಭಿಮಾನದ ಮಾತಲ್ಲ, ಕಣ್ಣಾರೆ ಕಂಡದ್ದು. ಒಂದು ಬೆಳಿಗ್ಗೆ ಅಕ್ಕ ಕೋಣೆಯ ಬಾಗಿಲಲ್ಲಿ ನಿಂತು, ಕಿಟಕಿಯ ಪಕ್ಕದಲ್ಲಿದ್ದ ಅಂಗಿಯನ್ನೇ ಗಂಡನೆಂದು ತಿಳಿದು, ಸೋರುವ ನಲ್ಲಿಯಿಂದ ಹಿಡಿದು ಅತ್ತೆಯ ತನಕ ಎಲ್ಲ ದೂರುಗಳನ್ನೂ ಹೇಳಿ ಮುಗಿಸಿದ್ದಳು. ಅಂಗಿ ಒಮ್ಮೆಯೂ ಎದುರಾಡದೆ ಕೇಳಿಸಿಕೊಂಡದ್ದರಿಂದಲೇ ಅದು ಗಂಡನಲ್ಲವೆಂದು ಅವಳಿಗೆ ಹೊಳೆದದ್ದು.

ಭಾವ ಮತ್ತು ನಾನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಮೇಲೆ ರತ್ನಗಂಬಳಿ, ತಣ್ಣನೆಯ ಗಾಳಿ, ಪಿಸುಮಾತಿನ ಅತಿಥಿಗಳು. ಕೆಳಗೆ ನೆಲಮಾಳಿಗೆಯಲ್ಲಿ ನಾವು, ಕುದಿಯುವ ಆವಿ, ಮತ್ತು ಬೆಟ್ಟದಂತೆ ಬಂದು ಬೀಳುವ ಹಾಸಿಗೆ ಹೊದಿಕೆಗಳು. ನಾನು ಮಡಿಸುವ ಮೇಜಿನವನು. ಭಾವ ಗಂಜಿ ತೊಟ್ಟಿಯವರು. ಅಡುಗೆಯವರ ಟೋಪಿ ನೆಟ್ಟಗೆ ನಿಲ್ಲುವುದು, ಊಟದ ಮೇಜಿನ ಬಟ್ಟೆಯ ಅಂಚು ಕತ್ತಿಯಂತಿರುವುದು, ಎಲ್ಲ ಇವರ ಕೈಗುಣ. ಬೆರಳಿನಿಂದ ಗಂಜಿ ಮುಟ್ಟಿ, ಕಣ್ಣು ಮುಚ್ಚಿ, "ಇನ್ನೊಂದು ಕುದಿ ಬರ್ಲಿ" ಎನ್ನುವಾಗ ಅವರ ಮುಖದಲ್ಲಿ ಜಪಕ್ಕೆ ಕುಳಿತವರ ಕಳೆ ಇರುತ್ತಿತ್ತು. ನಾನು ಅವರನ್ನು ಭಾವ ಎನ್ನುತ್ತಿದ್ದುದರಿಂದ ಇಡೀ ಲಾಂಡ್ರಿಗೆ ಅವರು ಗಂಜಿ ಭಾವ.

ನಮ್ಮೆಲ್ಲರ ಮೇಲ್ವಿಚಾರಕರಾಗಿದ್ದ ಹಳೆಯ ಮೇಸ್ತ್ರಿಗಳು ನಿವೃತ್ತರಾಗುವ ಕಾಲ ಹತ್ತಿರವಾಯಿತು. ಹೊಸದಾಗಿ ಬಂದಿದ್ದ ಮ್ಯಾನೇಜರು ಮುಂದಿನ ಮೇಸ್ತ್ರಿಯನ್ನು ಆರಿಸಬೇಕಿತ್ತು. ಭಾವನಿಗೆ ಆ ಕುರ್ಚಿ ಬೇಕಿತ್ತು. ಅರ್ಧ ಆಯುಷ್ಯ ಆವಿಯಲ್ಲಿ ಬೆಂದ ಮನುಷ್ಯ ಕುರ್ಚಿ ಬಯಸುವುದರಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದದ್ದು ಅವರು ಅದಕ್ಕೆ ಮಾಡಿಕೊಂಡ ಸಿದ್ಧತೆಯಲ್ಲಿ.

"ನೋಡೋ," ಎಂದರು ನನಗೆ, "ಮೇಲಿನ ಬಟ್ಟೆ ಗರಿಗರಿಯಾಗಿದ್ದು ಒಳಗಿಂದು ಮುದುಡ್ಕೊಂಡಿದ್ರೆ ಅದು ಬರೀ ವೇಷ. ಮೇಸ್ತ್ರಿ ಆಗೋನು ಒಳಗೂ ಹೊರಗೂ ಒಂದೇ ಥರ ಇರ್ಬೇಕು."

ಒಳಗೂ ಹೊರಗೂ ಒಂದಾಗಿರಬೇಕೆಂಬ ಮಾತನ್ನು ಹಿರಿಯರ ಬಾಯಲ್ಲಿ ಪದ್ಯವಾಗಿ ಕೇಳುತ್ತ ಬೆಳೆದವನು ನಾನು, ಸುಮ್ಮನೆ ತಲೆಬಾಗಿದೆ. ಆದರೆ ಆ ಹಿರಿಯರಾರೂ ಅದನ್ನು ಒಳಚಡ್ಡಿಗೆ ಅನ್ವಯಿಸಿರಲಿಲ್ಲ.

ಭಾವ ಅನ್ವಯಿಸಿದರು. ಅದೂ ಮೇಜಿನ ಬಟ್ಟೆಗೆ ಹಾಕುವ ದಪ್ಪ ಗಂಜಿ. ಬಿಳುಪಿರಲೆಂದು ಮೊದಲು ಬ್ಲೀಚಿನಲ್ಲಿ ಒಂದು ಮುಳುಗು. ಹಗ್ಗದಿಂದ ತೆಗೆದು ಅಕ್ಕ ಅವನ್ನು ಬುಟ್ಟಿಗೆ ಹಾಕಿದರೆ ತಟ್ಟೆ ಬಿದ್ದಂತೆ ಸದ್ದಾಯಿತು.

"ರೀ, ಇದನ್ನ ಹಾಕ್ಕೋತೀರೋ, ಇದರ ಮೇಲೆ ತರಕಾರಿ ಹೆಚ್ತೀರೋ?"

"ನಿನಗೆ ಘನತೆ ಅಂದ್ರೆ ಗೊತ್ತಿಲ್ಲ," ಎಂದು ಭಾವ ಘನತೆಯನ್ನು ತೊಟ್ಟುಕೊಂಡು ಕೆಲಸಕ್ಕೆ ಹೊರಟರು.

ಘನತೆ ಕೆಲವೇ ದಿನಗಳಲ್ಲಿ ತುರಿಸತೊಡಗಿತು.

ಎಲ್ಲಿ ಎಂದು ಕೇಳಬೇಡಿ. ನಾಯಕನನ್ನು ಮುಡಿಯಿಂದ ಅಡಿಯ ತನಕ ಬಣ್ಣಿಸುವ ಕವಿಗಳೂ ನಡುವಿಗೆ ಬಂದೊಡನೆ ಒಂದು ರೇಷ್ಮೆಯ ಪದ ಎಳೆದು ಮುಚ್ಚಿ, ನೇರವಾಗಿ ಮೊಣಕಾಲಿಗೆ ಹಾರಿಬಿಡುತ್ತಾರೆ. ಅವರು ಹಾರಿಬಿಟ್ಟ ಆ ಪ್ರಾಂತದಲ್ಲೇ ಭಾವನ ಕಥೆ ನಡೆಯುತ್ತದೆ. ಮೊದಲು ತುರಿಕೆ, ಆಮೇಲೆ ಕೆಂಪು, ಆಮೇಲೆ ಉರಿ. ಕಾಲಿಗೆ ಕಾಲು ತಗುಲಿದರೆ ಜೀವ ಬಾಯಿಗೆ ಬರುವುದು. ತುರಿಸಿಕೊಳ್ಳೋಣವೆಂದರೆ ಲಾಂಡ್ರಿಯಲ್ಲಿ ಎಲ್ಲೆಲ್ಲೂ ಕಣ್ಣು. ಆದ್ದರಿಂದ ಭಾವ ಬೇರೊಂದು ಉಪಾಯ ಕಂಡುಕೊಂಡರು. ಎರಡು ಕಾಲನ್ನೂ ಆದಷ್ಟು ದೂರ ಇಟ್ಟು, ಎದೆಯುಬ್ಬಿಸಿ, ನಿಧಾನವಾಗಿ ನಡೆಯತೊಡಗಿದರು. ಉರಿಯನ್ನು ತಡೆಯಲು ತುಟಿ ಬಿಗಿದು, ಗಲ್ಲ ಮೇಲೆತ್ತಿ, ದೂರದಲ್ಲೆಲ್ಲೋ ನೋಡುತ್ತಿದ್ದರು.

ಇದು ನೋವೆಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲರಿಗೂ ಅದು ಅಹಂಕಾರವಾಗಿ ಕಂಡಿತು.

"ನೋಡ್ರಪ್ಪಾ, ಕುರ್ಚಿ ಇನ್ನೂ ಸಿಕ್ಕಿಲ್ಲ, ನಡಿಗೆ ಬಂದ್ಬಿಟ್ಟಿದೆ," ಎಂದರು ನಮ್ಮ ಬೀದಿಯ ಕ್ಷೌರದವರು, ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಾಗಿಲಿಗೆ ಬಂದು.

"ಬೀದಿ ಪೂರ್ತಿ ಒಬ್ಬರಿಗೇ ಬೇಕು ಇವರಿಗೆ," ಎಂದರು ಎದುರುಮನೆಯ ಟೈಲರು. "ಆ ಎರಡು ಕಾಲಿನ ಮಧ್ಯೆ ಸೈಕಲ್ ಹೋಗ್ಬಹುದು."

ಹಳೆಯ ಮೇಸ್ತ್ರಿಗಳಿಗಂತೂ ಎದೆಗೇ ನಾಟಿತು. ಭಾವನನ್ನು ಕರೆದು, "ನಾನಿನ್ನೂ ಈ ಕುರ್ಚಿ ಬಿಟ್ಟು ಎದ್ದಿಲ್ಲ ಕಣಯ್ಯಾ. ನೀನು ಆಗಲೇ ಮೆರವಣಿಗೆ ಹೊರಟಿದ್ದೀಯ. ಬಾ, ಕೂತ್ಕೊಂಡು ಮಾತಾಡು," ಎಂದರು.

"ಬೇಡ ಬಿಡಿ, ನಿಂತೇ ಇರ್ತೀನಿ."

"ನನ್ನ ಎದುರು ಕೂತ್ಕೊಳ್ಳೋಕೂ ಆಗಲ್ವೋ ನಿನಗೆ?"

ಆಗುತ್ತಿರಲಿಲ್ಲ. ಅದನ್ನು ಹೇಳುವ ಹಾಗೂ ಇರಲಿಲ್ಲ. ಭಾವ ಗಲ್ಲವನ್ನು ಇನ್ನೂ ಒಂದಿಷ್ಟು ಮೇಲೆತ್ತಿ ಹೊರಗೆ ಬಂದರು. ಅಂದಿನಿಂದ ಮೇಸ್ತ್ರಿಗಳು ಮಾತು ಬಿಟ್ಟರು. ಮನೆಯಲ್ಲಿ ಅಕ್ಕನೂ ಬಿಟ್ಟಳು. ಹಾಸಿಗೆ ಬೇರೆ ಹಾಸಿಕೊಂಡು, ಬಟ್ಟೆ ಮುಟ್ಟಗೊಡದೆ, ಬಚ್ಚಲಿನ ಬಾಗಿಲು ಹಾಕಿಕೊಂಡರೆ ತೆರೆಯದ ಗಂಡನನ್ನು ಕಂಡು ಅವಳು ನನ್ನ ಹತ್ತಿರ, "ನಿಮ್ಮ ಭಾವನಿಗೆ ಮೇಸ್ತ್ರಿಗಿರಿ ತಲೆಗೇರಿದೆ ಕಣೋ. ನಾನು ಇವರ ಮಟ್ಟಕ್ಕೆ ಇಲ್ಲ ಈಗ," ಎಂದಳು. ಏರಿದ್ದು ತಲೆಗಲ್ಲವೆಂದು ಆಗ ನನಗೂ ತಿಳಿದಿರಲಿಲ್ಲ. ಭಾವ ಮಾತ್ರ ಬಾಯಿ ಬಿಡಲಿಲ್ಲ. ಲೋಕದ ಕಣ್ಣಿನಲ್ಲಿ ಮಾನ ಉಳಿಸಿಕೊಳ್ಳಲು ಅವರಿಗಿದ್ದ ಒಂದೇ ಒಂದು ಹೊದಿಕೆಯೆಂದರೆ ಅಹಂಕಾರಿಯೆಂಬ ಆ ಅಪವಾದ.

ಬಚ್ಚಲಿನಲ್ಲಿ ಅವರು ಮಾಡಿಕೊಳ್ಳುತ್ತಿದ್ದದ್ದು ಸ್ವಂತ ವೈದ್ಯ. ನೆಲ ಒರೆಸುವ ಕ್ರಿಮಿನಾಶಕವನ್ನು ನೀರಿಗೆ ಸುರಿದು ತೊಳೆದರು. ಆ ದಿನ ಬಚ್ಚಲಿನಿಂದ ದೇವರ ನಾಮಸ್ಮರಣೆ ಬಹಳ ಎತ್ತರದ ಶ್ರುತಿಯಲ್ಲಿ ಕೇಳಿಸಿತು. ಭಕ್ತಿಯೂ ಹೆಚ್ಚಿತೆಂದು ಅಕ್ಕನ ಅತ್ತೆ ಸಂತೋಷಪಟ್ಟರು. ಆಮೇಲೆ ಔಷಧಿ ಅಂಗಡಿಗೆ ಹೋಗಿ, "ನನ್ನ ಸ್ನೇಹಿತರೊಬ್ಬರಿಗೆ ಒಂದು ಕಡೆ ತುರಿಕೆ," ಎಂದರು.

ಅಂಗಡಿಯವರು ಭಾವನ ಕಾಲುಗಳನ್ನು ನೋಡಿದರು. "ನಿಮ್ಮ ಸ್ನೇಹಿತರಿಗೆ ನಡೆಯೋಕೂ ಕಷ್ಟ ಆಗ್ತಿರಬೇಕು."

"ಪಾಪ, ತುಂಬಾ."

ಒಂದು ಮುಲಾಮು ಕೈಗೆ ಬಂತು. ಹಚ್ಚಿದೊಡನೆ ತಂಪು. ಕೆಂಪು ಇಳಿಯಿತು, ತುರಿಕೆ ಅಡಗಿತು. ಭಾವ ಗೆದ್ದೆನೆಂದುಕೊಂಡು ಮತ್ತೆ ಗಂಜಿಯ ಚಡ್ಡಿ ತೊಟ್ಟರು. ಬೂದಿ ಮುಚ್ಚಿದ ಕೆಂಡ ಅದು. ಮುಲಾಮು ಬಿಟ್ಟೊಡನೆ ಬಳೆಯಾಕಾರದ ಅಂಚು ಕಟ್ಟಿಕೊಂಡು, ತೊಡೆಯ ಮೇಲೆಲ್ಲ ಹಬ್ಬಿ, ಮೊದಲಿಗಿಂತ ಮಿಗಿಲಾಗಿ ಮರಳಿತು. ಕಾಲುಗಳ ನಡುವಣ ಅಂತರ ಇನ್ನೂ ಒಂದು ಗೇಣು ಹೆಚ್ಚಿತು.

ಸರಿಯಾಗಿ ಆ ದಿನ ಹೊಸ ಮ್ಯಾನೇಜರು ನೆಲಮಾಳಿಗೆಗೆ ಇಳಿದರು. ಎಲ್ಲಿಯೋ ತರಬೇತಿ ಪಡೆದು ಬಂದಿದ್ದ ಅವರಿಗೆ ಕೆಲಸಗಾರರ ಕೈಗಿಂತ ಬೆನ್ನುಮೂಳೆಯ ಮೇಲೆ ನಂಬಿಕೆ ಹೆಚ್ಚು. ಆವಿಯ ತೆರೆ ಸೀಳಿಕೊಂಡು ಮದವೇರಿದ ಆನೆಯಂತೆ ಬರುತ್ತಿದ್ದ ಭಾವನನ್ನು ಕಂಡು ಅವರು ಗೋಡೆಗೆ ಒರಗಿ ದಾರಿ ಬಿಟ್ಟರು.

"ಇದು, ಇದು ನಡಿಗೆ ಅಂದ್ರೆ," ಎಂದರು. "ಆತ್ಮವಿಶ್ವಾಸ ನೋಡಿ. ಅವಸರವೇ ಇಲ್ಲ. ಬರುವ ತಿಂಗಳು ಮಾಲೀಕರು ಬರ್ತಾರೆ. ನೀವೇ ಮುಂದೆ ನಿಂತು ಎಲ್ಲರನ್ನೂ ಕರ್ಕೊಂಡು ಬರ್ಬೇಕು, ಹೊದಿಕೆ ಕೈಯಲ್ಲಿ ಹಿಡ್ಕೊಂಡು, ಸಾಲಾಗಿ, ಇದೇ ನಡಿಗೆಯಲ್ಲಿ. ಆವತ್ತೇ ಮಾಲೀಕರ ಎದುರು ಮೇಸ್ತ್ರಿ ಹೆಸರು ಹೇಳ್ತೀನಿ."

ಅಂದಿನಿಂದ ಲಾಂಡ್ರಿಯಲ್ಲಿ ನಡಿಗೆಯ ಪಾಠ ಶುರುವಾಯಿತು. ಭಾವ ಮುಂದೆ, ಹಿಂದೆ ನಾವೆಲ್ಲ ಕಾಲಗಲಿಸಿಕೊಂಡು. ಮ್ಯಾನೇಜರು ಪಕ್ಕದಲ್ಲಿ ನಡೆಯುತ್ತ, "ಅಗಲ, ಇನ್ನೂ ಅಗಲ" ಎನ್ನುವರು. ನನಗದು ಎಷ್ಟು ಮಾಡಿದರೂ ಕೈಗೂಡಲಿಲ್ಲ. ಇಸ್ತ್ರಿ ಯಂತ್ರದ ಮೂವರು ಮಾತ್ರ ಮೊದಲನೆಯ ದಿನವೇ ಗುರುವಿಗೆ ಸಮವಾಗಿ ನಡೆದು ಶಾಬಾಸ್ ಎನ್ನಿಸಿಕೊಂಡರು.

ಪಾಠ ಮುಗಿದ ಒಂದು ಮಧ್ಯಾಹ್ನ ಭಾವ ನನ್ನನ್ನು ಉಗ್ರಾಣಕ್ಕೆ ಕರೆದರು. ಸೂರಿನ ತನಕ ಜೋಡಿಸಿದ್ದ ಟವೆಲುಗಳ ಸಂದಿಯಲ್ಲಿ ನಿಂತು, ಬಾಗಿಲು ಹಾಕಿ, ಬಹಳ ಹೊತ್ತು ಟವೆಲಿನ ಅಂಚನ್ನು ನೇರ ಮಾಡಿದರು.

"ಲೋ, ಅಲ್ಲಿ ಚರ್ಮ ಬಿರಿದಿದೆ ಕಣೋ," ಎಂದರು ಕೊನೆಗೆ. "ನಿನ್ನೆಯಿಂದ ಮೂತ್ರಕ್ಕೆ ಹೋದ್ರೆ ಉರಿ. ನಾನು ಯಾವ ಅಡ್ಡದಾರಿಗೂ ಹೋದೋನಲ್ಲ. ದೇವರಾಣೆ. ಆದ್ರೆ ಯಾರು ನಂಬ್ತಾರೆ? ನಿಮ್ಮ ಅಕ್ಕ ನಂಬ್ತಾಳಾ?"

ಬಿಗಿದ ಆ ತುಟಿ ಮೊದಲ ಸಲ ನಡುಗಿದ್ದನ್ನು ಕಂಡೆ. ನಕ್ಕುಬಿಡಬಹುದಾಗಿದ್ದ ಸಂಗತಿ, ನಗು ಬರಲಿಲ್ಲ.

"ಡಾಕ್ಟರ ಹತ್ರ ಹೋಗೋಣ ಭಾವ."

"ಯಾವ ಡಾಕ್ಟರು? ಹೋಟೆಲ್ ಹಿಂದೆ ಇರೋದು ಮೇಸ್ತ್ರಿಗಳ ಮಗಳು. ನಾನು ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದ ಮಗು ಅದು. ಅದರ ಮುಂದೆ..."

"ಹಾಗಾದ್ರೆ ಬಸ್ಸಲ್ಲಿ ಪೇಟೆಯ ಆಚೆ ಹೋಗೋಣ."

"ಬಸ್ಸಲ್ಲಿ ಕೂತ್ಕೊಳ್ಳೋಕಾಗುತ್ತೇನೋ ನನಗೆ?"

ಹೀಗೆ ಭಾವ ಧೈರ್ಯದಿಂದಲ್ಲ, ಬಸ್ಸಿನ ಸೀಟಿನ ಭಯದಿಂದ ಡಾಕ್ಟರಮ್ಮನ ಬಾಗಿಲು ತಟ್ಟಿದರು. ಒಳಗೆ ಹೋದವರೇ, "ಮಂಡಿ ನೋವಮ್ಮ," ಎಂದುಬಿಟ್ಟರು.

ಡಾಕ್ಟರಮ್ಮ ಅವರನ್ನು ಗೋಡೆಯಿಂದ ಗೋಡೆಗೆ ನಡೆಸಿ ನೋಡಿದರು. "ಮಂಡಿ ಚೆನ್ನಾಗಿದೆ ಮಾವ. ಅದರ ಮೇಲಿನ ಮಹಡಿ ಸಮಾಚಾರ ಹೇಳಿ."

ಭಾವ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಹಲ್ಲುಜ್ಜುವ ಚಿತ್ರ ನೋಡಿದೆ.

"ನೀವು ನನ್ನನ್ನ ಎತ್ತಿ ಆಡಿಸಿದ್ದು ನಿಜ," ಎಂದರು ಡಾಕ್ಟರಮ್ಮ, ಕೈಗವಸು ಹಾಕಿಕೊಳ್ಳುತ್ತ. "ಈ ಕೋಣೇಲಿ ನಾನು ಆ ಮಗು ಅಲ್ಲ. ದಿನಾ ನಾಲ್ಕಾರು ಗಂಡಸರು ಇದೇ ತೊಂದರೆಗೆ ಬರ್ತಾರೆ. ಎಲ್ಲರೂ ಮಂಡಿ, ಸೊಂಟ, ಅಜೀರ್ಣ ಅಂತಲೇ ಶುರು ಮಾಡ್ತಾರೆ. ಪರದೆ ಹಿಂದೆ ಬನ್ನಿ."

ನಾನು ಪರದೆಯ ಈಚೆ ಉಳಿದೆ. ಆಮೇಲೆ ಪೆನ್ನಿನಿಂದ ಏನನ್ನೋ ತಟ್ಟಿದ ಸದ್ದು: ಟಕ್, ಟಕ್.

"ಇದೇನು ಮಾವ?"

"ಒಳಚಡ್ಡಿ."

"ಮರದ್ದಾ?"

"ಗಂಜಿ ಹಾಕಿದ್ದಮ್ಮ. ಘನತೆಗೆ."

ಡಾಕ್ಟರಮ್ಮ ನಗಲಿಲ್ಲ. ಅವರು ನಗದೆ ಇದ್ದದ್ದಕ್ಕಾಗಿ ನಾನು ಇಂದಿಗೂ ಪೂಜೆಯ ಹೊತ್ತಿನಲ್ಲಿ ಅವರನ್ನು ನೆನೆಯುತ್ತೇನೆ. ಒಂದೊಂದಾಗಿ ಕೇಳಿದರು. ಎಷ್ಟು ದಿನದಿಂದ, ಏನು ಹಚ್ಚಿದಿರಿ, ಹುಣ್ಣು, ಗುಳ್ಳೆ, ಕೀವು ಇತ್ತೆ, ಜ್ವರ ಬಂದಿತ್ತೆ, ಹೆಂಡತಿಗೂ ತುರಿಕೆ ಇದೆಯೆ. ಆಮೇಲೆ ಸಮಾಧಾನವಾಗಿ ಹೇಳಿದರು.

"ಯಾವ ಪಾಪದ ರೋಗವೂ ಅಲ್ಲ ಮಾವ. ಗಂಜಿ ಉಜ್ಜಿ, ಬ್ಲೀಚು ಸುಟ್ಟು ಮೊದಲು ಚರ್ಮ ಕೆಟ್ಟಿತು. ಆವಿ, ಬೆವರು ಸೇರಿ ಅದರ ಮೇಲೆ ಫಂಗಸ್ ಬೆಳೀತು. ಆ ಮುಲಾಮಲ್ಲಿ ಸ್ಟೀರಾಯ್ಡ್ ಇದೆ. ತುರಿಕೆ ಅಡಗಿಸುತ್ತೆ, ಫಂಗಸ್‌ಗೆ ಹಬ್ಬೋಕೆ ದಾರಿ ಮಾಡ್ಕೊಡುತ್ತೆ. ಅದನ್ನ ಇವತ್ತೇ ಬಿಡಿ. ಕ್ರಿಮಿನಾಶಕ, ಘಮಘಮ ಸೋಪು ಅಲ್ಲಿಗೆ ಬೇಡ. ಬರೀ ನೀರು. ತೊಳೆದು ಪೂರ್ತಿ ಒಣಗಿಸಿ, ಮೆತ್ತನೆ ಸಡಿಲವಾದ ಹತ್ತಿ ಬಟ್ಟೆ ಹಾಕ್ಕೊಳ್ಳಿ. ನಿಮ್ಮ ಟವೆಲ್ ಬೇರೆ ಇಟ್ಕೊಳ್ಳಿ. ನಾನು ಕೊಡೋ ಔಷಧಿ ತುರಿಕೆ ನಿಂತ ಮೇಲೂ ಹೇಳಿದಷ್ಟು ದಿನ ಹಚ್ಚಬೇಕು. ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸೋಣ, ಸಕ್ಕರೆ ಹೆಚ್ಚಿದ್ರೂ ಇದು ಮತ್ತೆ ಮತ್ತೆ ಬರುತ್ತೆ. ಮೂತ್ರಾನೂ ನೋಡಿಬಿಡೋಣ."

"ಮೊದಲೇ ಬರ್ಬೇಕಿತ್ತೇನಮ್ಮ?"

"ಸಣ್ಣ ಕೆರೆತಕ್ಕೆಲ್ಲ ಓಡಿ ಬರ್ಬೇಕಾಗಿಲ್ಲ. ಒಂದೆರಡು ವಾರದಲ್ಲಿ ಹೋಗ್ಲಿಲ್ಲ ಅಂದ್ರೆ, ಹೋಗಿ ಹೋಗಿ ಬಂದ್ರೆ ಬನ್ನಿ. ಚರ್ಮ ಬಿರಿದ್ರೆ, ಹುಣ್ಣು ಗುಳ್ಳೆ ಎದ್ರೆ, ಕೀವು ಬಂದ್ರೆ, ಊದಿಕೊಂಡ್ರೆ, ಮುಂದೊಗಲು ಹಿಂದಕ್ಕೆ ಸರಿಯದೆ ಹೋದ್ರೆ, ಮೂತ್ರ ಉರಿದ್ರೆ, ಜ್ವರ ಬಂದ್ರೆ, ಆವತ್ತೇ ಬನ್ನಿ. ಮತ್ತೆ, ಇದನ್ನ ಮನೇಲಿ ಹೆಂಡತಿಗೆ ಹೇಳಿ. ಅವರಿಗೂ ತುರಿಕೆ ಇದ್ರೆ ನೋಡ್ಬೇಕಾಗುತ್ತೆ."

ಕೊನೆಯ ಮಾತೇ ಭಾವನಿಗೆ ಎಲ್ಲಕ್ಕಿಂತ ಕಹಿಯಾದ ಔಷಧಿಯಾಯಿತು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಅಕ್ಕ ಬಾಣಲೆ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ದಿನ ಇದಕ್ಕಾ ನನ್ನ ದೂರ ಇಟ್ಟಿದ್ದು?"

"ಹೂಂ."

"ನಾನು ನಿಮಗೆ ಸಾಕಾಗಿದ್ದೀನಿ ಅಂತ ಅಳ್ತಿದ್ದೆ ರೀ." ಅವಳು ಮತ್ತೆ ಬಾಣಲೆ ಎತ್ತಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬೆನ್ನು ನಡುಗತೊಡಗಿತು. ಅಳುತ್ತಿದ್ದಾಳೆಂದು ಭಾವ ಹತ್ತಿರ ಹೋದರೆ ನಗುತ್ತಿದ್ದಳು. ಮರುದಿನ ಅಷ್ಟೂ ಚಡ್ಡಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದಳು. ನೀರು ಅಂಟಿನಂತೆ ಗಟ್ಟಿಯಾಯಿತಂತೆ.

ಪರೀಕ್ಷೆಯಲ್ಲಿ ಸಕ್ಕರೆಯೂ ಮೂತ್ರವೂ ಸರಿಯಿದ್ದವು. ಔಷಧಿ ಹಿಡಿಯಿತು. ದಿನ ಕಳೆದಂತೆ ಉರಿ ಇಳಿಯಿತು, ತುಟಿ ಸಡಿಲಿತು, ಗಲ್ಲ ಕೆಳಗೆ ಬಂತು. ಅಗಲಿದ್ದ ಎರಡು ಕಾಲುಗಳು ಹಳೆಯ ನೆಂಟರಂತೆ ಮತ್ತೆ ಹತ್ತಿರವಾದವು. ಮಾಲೀಕರು ಬರುವ ಹಿಂದಿನ ದಿನ ಭಾವ ಮಗುವಿನಂತೆ ಹಗುರವಾಗಿ ನಡೆದು ಮನೆಗೆ ಬಂದರು, ಬಂದವರು ಹೊಸಿಲಲ್ಲೇ ನಿಂತುಬಿಟ್ಟರು.

"ಲೋ, ನಡಿಗೆ ಹೋಯ್ತಲ್ಲೋ."

ನಿಜ. ಕುರ್ಚಿಗೆ ಆಧಾರವಾಗಿದ್ದದ್ದೇ ಆ ನಡಿಗೆ. ಇಷ್ಟು ವರ್ಷದ ಗಂಜಿಯ ಹದವನ್ನು ಮ್ಯಾನೇಜರು ಕಣ್ಣೆತ್ತಿ ನೋಡಿರಲಿಲ್ಲ. ಭಾವ ಕೋಣೆಯಲ್ಲಿ ಕಾಲಗಲಿಸಿ ಅಭ್ಯಾಸ ಮಾಡಿದರು. ಅಕ್ಕ ಬಾಗಿಲಿಗೆ ಒರಗಿ ನೋಡಿ, "ನೋವಿದ್ದಾಗ ರಾಜನ ಥರ ಇತ್ತು ರೀ. ಈಗ ಬಾತುಕೋಳಿ ಥರ ಇದೆ," ಎಂದಳು.

"ನಾಳೆ ಒಂದು ದಿನ ನಟಿಸಿಬಿಡಿ ಭಾವ," ಎಂದೆ ನಾನು.

"ಒಂದು ದಿನ ನಟಿಸಿ ಕುರ್ಚಿ ಹತ್ತಿದ್ರೆ, ಇಳಿಯೋ ತನಕ ದಿನಾ ನಟಿಸ್ಬೇಕು," ಎಂದು ಭಾವ ದೀಪ ಆರಿಸಿದರು.

ಮರುದಿನ ಮೇಲಿನ ದೊಡ್ಡ ಮೊಗಸಾಲೆಯಲ್ಲಿ ಮಾಲೀಕರು ಕುಳಿತಿದ್ದರು, ಕೋಲು ಹಿಡಿದ ವಯಸ್ಸಾದ ಮನುಷ್ಯ. ಪಕ್ಕದಲ್ಲಿ ಹಳೆಯ ಮೇಸ್ತ್ರಿಗಳು ಮುಖ ತಿರುಗಿಸಿಕೊಂಡು. ಮ್ಯಾನೇಜರು ಚಪ್ಪಾಳೆ ತಟ್ಟಿದರು. ಹಿಮದಂಥ ಹೊದಿಕೆಗಳನ್ನು ಎರಡು ಕೈಯಲ್ಲಿ ಹೊತ್ತು ನಾವು ಸಾಲಾಗಿ ಹೊರಟೆವು. ಸಾಲಿಗೆ ಸಾಲೇ ಕಾಲಗಲಿಸಿ, ಎದೆಯುಬ್ಬಿಸಿ, ಎಡಕ್ಕೂ ಬಲಕ್ಕೂ ತೂಗುತ್ತ ನಡೆಯುತ್ತಿದ್ದರೆ, ಮುಂದಿದ್ದ ಭಾವ ಮಾತ್ರ ಪೇಟೆಗೆ ಹೊರಟವರಂತೆ ಸಾಧಾರಣವಾಗಿ ನಡೆದರು.

ಮ್ಯಾನೇಜರ ಮುಖ ಬಿಳುಚಿತು. "ನಿಲ್ಲಿ. ಏನಿದು? ನಿಮ್ಮ ನಡಿಗೆ ಎಲ್ಲಿ?"

ಭಾವ ನಿಂತರು. ಹೊದಿಕೆಯನ್ನು ನನ್ನ ಕೈಗಿಟ್ಟರು.

"ವಾಸಿ ಆಯ್ತು ಸಾರ್."

"ಏನು ವಾಸಿ ಆಯ್ತು?"

"ಅದು ನಡಿಗೆ ಅಲ್ಲ, ರೋಗ. ತೊಡೆಸಂದಿನಲ್ಲಿ, ಅದಕ್ಕೂ ಮುಂದೆ, ಫಂಗಸ್ ಆಗಿತ್ತು. ನಾಚಿಕೆ ಪಟ್ಕೊಂಡು ಮುಚ್ಚಿಟ್ಟೆ. ನೀವು ಅದನ್ನ ಗತ್ತು ಅಂದ್ಕೊಂಡ್ರಿ, ನಾನೂ ಸುಮ್ಮನಿದ್ದೆ. ಮೇಸ್ತ್ರಿಗಳ ಮುಂದೆ ಅವತ್ತು ಕೂತ್ಕೊಳ್ಳದೆ ಇದ್ದಿದ್ದೂ ಅದಕ್ಕೇ. ಡಾಕ್ಟರಿಗೆ ತೋರಿಸ್ದೆ, ಈಗ ಎಲ್ಲರ ಹಾಗೆ ನಡೀತೀನಿ. ಕುರ್ಚಿ ಬೇರೆಯವರಿಗೆ ಕೊಡೋದಾದ್ರೆ ಕೊಡಿ."

ಪಕ್ಕದ ಮೇಜಿನ ಅತಿಥಿಯೊಬ್ಬರು ಚಮಚ ಬಾಯಿಯಲ್ಲೇ ಇಟ್ಟುಕೊಂಡಿದ್ದರು. ಕುರುಕ್ಷೇತ್ರದ ನಡುವೆ ಬಿಲ್ಲು ಕೆಳಗಿಟ್ಟು ನಿಂತವರನ್ನು ಕುರಿತು ಎಷ್ಟೋ ಕೇಳಿದ್ದೇನೆ. ತೊಡೆಸಂದಿನ ಮಾತನ್ನು ರತ್ನಗಂಬಳಿಯ ಮೇಲೆ ನಿಂತು ಆಡಿದವರನ್ನು ಅಂದೇ ಕಂಡೆ. ಆತ ನನ್ನ ಭಾವನೆಂದು ನನ್ನೆದೆ ಉಬ್ಬಿತು.

ಆಗ ಸಾಲಿನ ಹಿಂದಿನಿಂದ, ಇಸ್ತ್ರಿ ಯಂತ್ರದ ಮೂವರಲ್ಲಿ ಹಿರಿಯನಾದವನು, ಹೊದಿಕೆಯ ಮೇಲಿಂದ ಕಣ್ಣು ಮಾತ್ರ ತೋರಿಸಿ ಮೆಲ್ಲಗೆ ಕೇಳಿದ:

"ಅಣ್ಣ, ಅದು ವಾಸಿ ಆಗುತ್ತಾ?"

ಎಲ್ಲರೂ ತಿರುಗಿದರು. ಆ ಮೂವರೂ ನಿಂತಿದ್ದರು, ಸಾಲು ನಿಂತಮೇಲೂ ಕಾಲಗಲಿಸಿಕೊಂಡೇ. ಮೊದಲನೆಯ ದಿನವೇ ಗುರುವಿಗೆ ಸಮನಾದದ್ದು ಹೇಗೆಂದು ನನಗೆ ಆಗ ಅರ್ಥವಾಯಿತು.

"ನಿಮಗೂ ಇದೆಯೇನ್ರಪ್ಪಾ?" ಎಂದರು ಮಾಲೀಕರು.

"ಬೇಸಿಗೆ ಬಂದ್ರೆ ಎಲ್ಲರಿಗೂ ಇದೆ ಸ್ವಾಮಿ. ಬಾಯಿ ಬಿಟ್ಟೋರು ಇವರೊಬ್ಬರೇ."

ಮಾಲೀಕರು ಭಾವನ ಕಡೆ ನೋಡಿದರು. "ಏನಾಗ್ಬೇಕು ಹೇಳು."

"ಕೊಟ್ಟಿರೋ ಪ್ಯಾಂಟು ಪ್ಲಾಸ್ಟಿಕ್ ಥರ ಸ್ವಾಮಿ, ಬೆವರು ಹೊರಗೆ ಹೋಗಲ್ಲ. ಹತ್ತೀದು ಕೊಡ್ಸಿ, ಬದಲಾಯಿಸೋಕೆ ಇನ್ನೊಂದು ಜೊತೆ. ಎಲ್ಲರೂ ಒಂದೇ ಟವೆಲಲ್ಲಿ ಒರೆಸ್ಕೋತಾರೆ, ಅದು ನಿಲ್ಬೇಕು. ಆವಿ ಎಳೆಯೋ ಫ್ಯಾನು ಕೆಟ್ಟು ಬಹಳ ಕಾಲ ಆಯ್ತು. ಮತ್ತೆ ನಾಳೆ ಬೆಳಿಗ್ಗೆ ಇವರಿಗೆ ರಜ ಬೇಕು, ಡಾಕ್ಟರ ಹತ್ರ ಹೋಗೋಕೆ."

ಹಳೆಯ ಮೇಸ್ತ್ರಿಗಳು ಇಷ್ಟು ಹೊತ್ತು ತಿರುಗಿಸಿಕೊಂಡಿದ್ದ ಮುಖವನ್ನು ಈಚೆಗೆ ತಿರುಗಿಸಿದರು. "ಈ ಫ್ಯಾನಿನ ಮಾತು ಕೇಳೋಕೆ ನನಗೇ ಧೈರ್ಯ ಬರ್ಲಿಲ್ಲ ಕಣಯ್ಯಾ," ಎಂದು, ಪಕ್ಕದ ಕುರ್ಚಿಯನ್ನು ಎಳೆದು ಕೈಯಿಂದ ತಟ್ಟಿದರು. ಭಾವ ಹೋಗಿ ಕುಳಿತರು.

ಮ್ಯಾನೇಜರು ಮಾತ್ರ ಮೇಸ್ತ್ರಿಗಿರಿಗೆ ಯಾರ ಹೆಸರನ್ನೂ ಎತ್ತದೆ, ಕೈಗಡಿಯಾರ ನೋಡಿಕೊಂಡು, ಮೇಲಿನ ಕೋಣೆಗೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಭಾವ ಇಸ್ತ್ರಿಯ ಮೂವರನ್ನು ಮುಂದಿಟ್ಟುಕೊಂಡು ಡಾಕ್ಟರಮ್ಮನ ಬಾಗಿಲಿಗೆ ಹೋದರು. ನಾನೂ ಹೋಗಿದ್ದೆ, ಜೊತೆಗಿರಲಿ ಎಂದಷ್ಟೆ, ನಂಬುವವರು ನಂಬಬಹುದು. ಹೊರಗಿನ ಬೆಂಚಿನಲ್ಲಿ ನಮಗಿಂತ ಮೊದಲೇ ಬಂದು ಒಬ್ಬರು ಕುಳಿತಿದ್ದರು. ಮುಖಕ್ಕೆ ಅಡ್ಡಲಾಗಿ ದಿನಪತ್ರಿಕೆ ಹರಡಿಕೊಂಡಿದ್ದರು, ತಲೆಕೆಳಗಾಗಿ. ಪತ್ರಿಕೆಯ ಕೆಳಗೆ ಹೊಳೆಯುವ ಬೂಟುಗಳೆರಡು ಬೆಂಚಿನ ಆ ಮೂಲೆಗೊಂದು ಈ ಮೂಲೆಗೊಂದು ಇದ್ದವು.

ನಾವು ಉಳಿದ ಜಾಗದಲ್ಲಿ ಮುದುಡಿ ಕುಳಿತೆವು. ಬಹಳ ಹೊತ್ತಿನ ಮೇಲೆ ಪತ್ರಿಕೆ ಒಂದಿಷ್ಟು ಕೆಳಗಿಳಿಯಿತು.

"ಮೇಸ್ತ್ರಿಗಳೇ," ಎಂದರು ಮ್ಯಾನೇಜರು, ಭಾವನ ಕಡೆ ನೋಡದೆ, "ನನ್ನ ಸರದಿ ಬಂದಾಗ ಸ್ವಲ್ಪ ನೀವೂ ಒಳಗೆ ಬರ್ತೀರಾ?"

ಭಾವ ಅಂಗಿಯ ತುದಿಯನ್ನು ನೇರ ಮಾಡಿಕೊಂಡರು.

"ಬರ್ತೀನಿ ಸಾರ್," ಎಂದರು. "ಆ ಪೇಪರ್ ಮಡಿಸಿಡಿ. ಇಲ್ಲಿರೋರೆಲ್ಲ ನಮ್ಮವರೇ."